ಕಳಿಸಿದವರೂ ಮಕ್ಕಳೇ, ಹಂಚಿದವರೂ ಮಕ್ಕಳೇ: ಖಾಸಗಿ ಚಿತ್ರದ ಮುಂದೆ ಪೋಕ್ಸೊ

2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣವನ್ನು ರದ್ದು ಮಾಡುತ್ತಾ, ಮಕ್ಕಳ ಅಶ್ಲೀಲ ದೃಶ್ಯವನ್ನು ಬರೀ ನೋಡಿದ ಮಾತ್ರಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಬಿ ಅಡಿ ಅಪರಾಧವಾಗದು ಎಂದಿತು. ಹತ್ತು ದಿನ ತುಂಬುವುದರೊಳಗೆ ಅದೇ ಪೀಠ ತನ್ನ ಆದೇಶವನ್ನು ಹಿಂಪಡೆಯಿತು. ಆ ಕಲಮಿನ 'ಬಿ' ಉಪವಿಧಿ ಮೊದಲ ಬಾರಿ ಗಮನಕ್ಕೆ ಬಂದಿರಲಿಲ್ಲ ಎಂಬುದು ಅದಕ್ಕೆ ಕಾರಣ. ಎರಡು ತಿಂಗಳ ನಂತರ, ಸೆಪ್ಟೆಂಬರ್ 23ರಂದು, ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ಇಂಥದ್ದೇ ತೀರ್ಪೊಂದನ್ನು ಬದಿಗೆ ಸರಿಸಿತು. ಇಂಥ ವಿಡಿಯೊ ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ವಿವರವಾಗಿ ಬರೆಯಿತು.

ಈ ಪ್ರಕರಣಗಳಲ್ಲಿ ಆರೋಪಿಗಳಾಗಿದ್ದವರು ವಯಸ್ಕರು. ಆದರೆ ಕೋರ್ಟುಗಳು ಅರ್ಥ ಬಿಡಿಸಿದ ಕಲಮುಗಳಲ್ಲಿ 'ವಯಸ್ಕ' ಎಂಬ ಪದ ಇಲ್ಲ. 'ಯಾವುದೇ ವ್ಯಕ್ತಿ' ಎಂದಿದೆ. ಆ ಎರಡು ಪದಗಳೊಳಗೆ ಪಿಯುಸಿ ಓದುವ ಹುಡುಗನೂ ಬರುತ್ತಾನೆ, ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ ಹತ್ತನೇ ತರಗತಿಯ ಹುಡುಗಿಯೂ ಬರುತ್ತಾಳೆ. ಪೋಷಕರು, ಮೇಷ್ಟ್ರುಗಳು ಗೊಂದಲಕ್ಕೆ ಬೀಳುವುದು ಇಲ್ಲೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲೆಂದು ಬರೆದ ಪೋಕ್ಸೊ ಕಾನೂನು ಮಕ್ಕಳನ್ನೇ ಆರೋಪಿ ಎನ್ನುವುದುಂಟೇ? ಉಂಟು. ಯಾವಾಗ, ಎಷ್ಟರ ಮಟ್ಟಿಗೆ ಎಂಬುದನ್ನು ಬಿಡಿಸಿ ನೋಡಬೇಕು.

ಒಂದು ಚಿತ್ರ, ನಾಲ್ಕು ಕೈ

ಹೀಗೆ ಊಹಿಸಿಕೊಳ್ಳಿ. ಹದಿನಾರರ ಹುಡುಗಿ ತನ್ನ ಬೆತ್ತಲೆ ಚಿತ್ರವನ್ನು ಹದಿನೇಳರ ಗೆಳೆಯನಿಗೆ ಕಳಿಸುತ್ತಾಳೆ. 'ಒಂದು ಸಲ ಮಾತ್ರ ನೋಡು' ಎಂಬ ಆಯ್ಕೆ ಒತ್ತಿಯೇ ಕಳಿಸಿದ್ದಾಳೆ. ಅವನು ಅದನ್ನು ಪಕ್ಕದಲ್ಲಿದ್ದ ಸ್ನೇಹಿತನಿಗೆ ತೋರಿಸುತ್ತಾನೆ. ಆ ಸ್ನೇಹಿತ ಇನ್ನೊಂದು ಫೋನಿನಿಂದ ಪರದೆಯ ಫೋಟೊ ಹೊಡೆದು ನಲವತ್ತು ಜನರ ಕ್ಲಾಸ್ ಗ್ರೂಪಿಗೆ ಹಾಕುತ್ತಾನೆ. ಗ್ರೂಪಿನಲ್ಲಿ ಒಬ್ಬ ಅದನ್ನು ಬೇರೆ ಕಾಲೇಜಿಗೆ ದಾಟಿಸುತ್ತಾನೆ.

ಕಾನೂನು ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ತೂಗುತ್ತದೆ. ಕೊನೆಯಿಂದ ಶುರು ಮಾಡೋಣ. ದಾಟಿಸಿದವನಿಗೆ ಪೋಕ್ಸೊ ಕಲಂ 15ರ ಎರಡನೇ ಉಪವಿಧಿ ಅನ್ವಯಿಸುತ್ತದೆ: ಹಂಚಲೆಂದು, ತೋರಿಸಲೆಂದು ಇಟ್ಟುಕೊಂಡಿದ್ದಕ್ಕೆ ಮೂರು ವರ್ಷದವರೆಗೆ ಜೈಲು, ದಂಡ, ಇಲ್ಲವೇ ಎರಡೂ. ಅದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಬಿ ಕೂಡ ಬೀಳುತ್ತದೆ. ಇದು ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಸಲವಾದರೆ ಏಳು ವರ್ಷ. ಪರದೆಯ ಫೋಟೊ ಹೊಡೆದವನು ಹಂಚಿದ್ದಷ್ಟೇ ಅಲ್ಲದೆ ಹೊಸ ಚಿತ್ರವೊಂದನ್ನು ಸೃಷ್ಟಿಸಿದ್ದಾನೆ. 67ಬಿ ಕಲಮಿನಲ್ಲಿ 'ಸೃಷ್ಟಿಸುವ' ಎಂಬ ಪದ ಪ್ರತ್ಯೇಕವಾಗಿಯೇ ಇದೆ.

ಗೆಳೆಯ ಗ್ರೂಪಿಗೆ ಏನನ್ನೂ ಹಾಕಿಲ್ಲ, ನಿಜ. ಆದರೆ ಚಿತ್ರ ಕಳಿಸೆಂದು ಹುಡುಗಿಯನ್ನು ಪೀಡಿಸಿದ್ದರೆ ಅವನಿಗೆ ಎದುರಾಗುವುದು ಪೋಕ್ಸೊ ಕಲಂ 13 ಮತ್ತು 14: ಅಶ್ಲೀಲ ಉದ್ದೇಶಕ್ಕೆ ಮಗುವಿನ ಬಳಕೆ. ಇದರಲ್ಲಿ ಕನಿಷ್ಠ ಶಿಕ್ಷೆಯೇ ಐದು ವರ್ಷ. ಚಾಟ್‌ನಲ್ಲಿರುವ 'ಕಳ್ಸೇ, ಪ್ಲೀಸ್' ಎಂಬ ಸಾಲು ಇಂಥ ಪ್ರಕರಣದಲ್ಲಿ ದೊಡ್ಡ ಸಾಕ್ಷ್ಯ. ಹುಡುಗರಿಗೆ ಗೊತ್ತಿಲ್ಲದ ಸಂಗತಿ ಇದು. ಫಾರ್ವರ್ಡ್ ಮಾಡುವುದು ತಪ್ಪೆಂದು ಅವರಲ್ಲಿ ಹೆಚ್ಚಿನವರಿಗೆ ಅಂದಾಜಿದೆ. ಕೇಳುವುದೇ ಅದಕ್ಕಿಂತ ಭಾರದ ಕಲಮಿನೊಳಗೆ ಬೀಳಬಹುದೆಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಇನ್ನು ಹುಡುಗಿ. 67ಬಿ ಕಲಮನ್ನು ಅಕ್ಷರಶಃ ಓದಿದರೆ, ಮಗುವನ್ನು ಅಸಭ್ಯವಾಗಿ ತೋರಿಸುವ ಚಿತ್ರವನ್ನು ಸೃಷ್ಟಿಸಿ ರವಾನಿಸಿದವಳು ಅವಳೇ. 'ತನ್ನದೇ ಚಿತ್ರವಾದರೆ ಅನ್ವಯಿಸದು' ಎಂಬ ಸಾಲು ಪೋಕ್ಸೊದಲ್ಲೂ ಇಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಇಲ್ಲ. ಅವಳನ್ನು ಸಂತ್ರಸ್ತೆ ಎಂದೇ ಕಾಣಬೇಕು. ಆದರೆ ಹಾಗೆ ಕಾಣುವ ಹೊಣೆಯನ್ನು ಕಾಯ್ದೆಯ ಪಠ್ಯ ಹೊತ್ತಿಲ್ಲ, ತನಿಖಾಧಿಕಾರಿಯ ವಿವೇಚನೆಗೆ ಬಿಟ್ಟಿದೆ. ಈ ಬರಹದ ಮುಖ್ಯ ತಕರಾರು ಇದೇ.

ಗ್ರೂಪಿನ ಅಡ್ಮಿನ್? ಕೇರಳ ಹೈಕೋರ್ಟ್ 2022ರಲ್ಲಿ ಸರಿಯಾಗಿ ಇಂಥದ್ದೇ ಪ್ರಕರಣದಲ್ಲಿ, ಬೇರೆ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಾಗಲಾರ ಎಂದಿದೆ.

'ಅವಳೇ ಒಪ್ಪಿ ಕಳಿಸಿದ್ದು'

ಠಾಣೆಯಲ್ಲಿ ಹುಡುಗನ ಕಡೆಯವರು ಆಡುವ ಮೊದಲ ಮಾತು ಇದು. ಹದಿನೆಂಟು ತುಂಬದವರ ಒಪ್ಪಿಗೆಗೆ ಪೋಕ್ಸೊದಲ್ಲಿ ಬೆಲೆಯಿಲ್ಲ. ಹಾಗಾಗಿ ಈ ವಾದ ಅವನನ್ನು ಉಳಿಸುವುದಿಲ್ಲ.

ವಯಸ್ಕರ ವಿಷಯದಲ್ಲೂ ಕಾನೂನು ಎರಡು ಒಪ್ಪಿಗೆಗಳನ್ನು ಬೇರೆ ಮಾಡಿದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 77ರ ವಿವರಣೆ ಹೇಳುವಂತೆ, ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ: ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ. ನೋಡಲು ಕೊಟ್ಟದ್ದು ಹಂಚಲು ಕೊಟ್ಟ ಪರವಾನಗಿಯಾಗದು.

ಚಿತ್ರ ನಿಜವಾಗಿರಬೇಕೆಂದೂ ಇಲ್ಲ. 2019ರ ತಿದ್ದುಪಡಿ ಪೋಕ್ಸೊಗೆ ಸೇರಿಸಿದ ವ್ಯಾಖ್ಯೆಯಲ್ಲಿ, ಕಂಪ್ಯೂಟರಿನಿಂದ ಮಾಡಿದ, ತಿದ್ದಿದ, ಮಗುವಿನದೆಂದು ತೋರುವ ಚಿತ್ರವೂ ಸೇರಿದೆ. ಸಹಪಾಠಿಯ ಸ್ಕೂಲ್ ಡೇ ಫೋಟೊವನ್ನು ಬಟ್ಟೆ ತೆಗೆಯುವ ಆ್ಯಪಿಗೆ ಹಾಕಿ, ಬಂದದ್ದನ್ನು 'ತಮಾಷೆಗೆ' ಹಂಚಿದ ಹುಡುಗ ಇದೇ ಕಲಮುಗಳ ಕೆಳಗೆ ನಿಲ್ಲಬೇಕಾಗುತ್ತದೆ. ಅಲ್ಲಿ ಹುಡುಗಿ ಏನನ್ನೂ ಕಳಿಸಿರುವುದಿಲ್ಲ, ಅವಳಿಗೆ ಗೊತ್ತೇ ಇರುವುದಿಲ್ಲ.

'ಇಟ್ಟುಕೊಳ್ಳುವುದು' ಎಂದರೆ

ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ 'ನೋಡಿದರೂ ಜೈಲು' ಎಂಬ ಸುದ್ದಿ ಎಲ್ಲೆಡೆ ಹರಿದಾಡಿತು. ತೀರ್ಪು ಅದಕ್ಕಿಂತ ಸೂಕ್ಷ್ಮವಾಗಿದೆ. ಕಲಂ 15ರ ಮೂರೂ ಉಪವಿಧಿಗಳು ಒಂದನ್ನೊಂದು ಅವಲಂಬಿಸದ ಬೇರೆ ಬೇರೆ ಅಪರಾಧಗಳು. ಮೊದಲನೆಯದು, ಅಳಿಸದೆ, ನಾಶ ಮಾಡದೆ, ದೂರನ್ನೂ ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಂಡದ್ದು. ಇದಕ್ಕೆ ಜೈಲು ಇಲ್ಲ, ಕನಿಷ್ಠ 5,000 ರೂಪಾಯಿ ದಂಡ. ಮರುಕಳಿಸಿದರೆ ಕನಿಷ್ಠ 10,000. ಎರಡನೆಯದನ್ನು ಮೇಲೆ ಹೇಳಿದ್ದಾಯಿತು. ಮೂರನೆಯದು ವ್ಯಾಪಾರಕ್ಕೆ ಇಟ್ಟುಕೊಂಡದ್ದು, ಮೂರರಿಂದ ಐದು ವರ್ಷ. ನಿಜವಾಗಿ ಹಂಚಿರಲೇಬೇಕೆಂದಿಲ್ಲ, ಉದ್ದೇಶ ಕಂಡರೆ ಸಾಕು. ಅಪರಾಧ ಎಸಗುವ ಸಿದ್ಧತೆಯ ಹಂತದಲ್ಲೇ ಹಿಡಿಯುವ ಕಲಂ ಇದು ಎಂದು ಪೀಠ ವಿವರಿಸಿತು.

ಫೈಲ್ ಫೋನಿನಲ್ಲಿ ಇರಲೇಬೇಕೆಂದೂ ಇಲ್ಲ. ಆನ್‌ಲೈನಿನಲ್ಲೇ ನೋಡುತ್ತಿದ್ದರೂ, ಅದನ್ನು ಅಳಿಸುವ, ಕಳಿಸುವ, ಮತ್ತೆ ತೆರೆಯುವ ಹತೋಟಿ ನೋಡುಗನ ಕೈಯಲ್ಲಿದ್ದರೆ ಅದು ಅವನ ವಶದಲ್ಲಿದ್ದಂತೆ. ತಿಳಿಯದೆ ಯಾವುದೋ ಕೊಂಡಿ ಒತ್ತಿ ಇಂಥದ್ದು ತೆರೆದುಕೊಂಡರೆ? ತಕ್ಷಣ ಮುಚ್ಚಬೇಕು, ಅಷ್ಟಕ್ಕೇ ಬಿಡದೆ ದೂರು ಕೊಡಬೇಕು ಎಂಬ ದಿಕ್ಕಿನಲ್ಲಿ ತೀರ್ಪು ಸಾಗುತ್ತದೆ.

ಈ ಹಂತದಲ್ಲಿ ವಾಟ್ಸ್‌ಆ್ಯಪಿನ ಒಂದು ಸೆಟ್ಟಿಂಗ್ ತೊಂದರೆ ತಂದಿಡುತ್ತದೆ. ಫೋಟೊ ತಾನಾಗಿ ಡೌನ್‌ಲೋಡ್ ಆಗಿ ಗ್ಯಾಲರಿ ಸೇರುವ ವ್ಯವಸ್ಥೆ ಆನ್ ಇದ್ದರೆ, ಗ್ರೂಪಿಗೆ ಬಂದ ಚಿತ್ರ ತೆರೆಯದವನ ಫೋನಿನಲ್ಲೂ ಬಂದು ಕೂರುತ್ತದೆ. ಗ್ಯಾಲರಿ ಕ್ಲೌಡ್ ಬ್ಯಾಕಪ್‌ಗೆ ಜೋಡಿಸಿದ್ದರೆ ಅಲ್ಲಿಗೂ ಹೋಗುತ್ತದೆ. ಚಾಟ್‌ನಲ್ಲಿ ಅಳಿಸಿದರೂ ಬ್ಯಾಕಪ್‌ನಲ್ಲಿ ಪ್ರತಿ ಉಳಿದಿರಬಹುದು. 'ನಾನು ನೋಡಲೇ ಇಲ್ಲ' ಎನ್ನುವುದು ಸತ್ಯವಾದರೂ, ಪೋಕ್ಸೊ ಕಲಂ 30 ತಪ್ಪು ಮನಸ್ಸು ಇತ್ತೆಂದೇ ಮೊದಲು ಭಾವಿಸಿ, ಇರಲಿಲ್ಲವೆಂದು ತೋರಿಸುವ ಹೊರೆಯನ್ನು ಆರೋಪಿಯ ಮೇಲೆ ಹಾಕುತ್ತದೆ.

ಚಿತ್ರ ಠಾಣೆ ತಲುಪುವ ದಾರಿ

ಯಾರೂ ದೂರು ಕೊಡದಿದ್ದರೆ ಗೊತ್ತಾಗುವುದು ಹೇಗೆ ಎಂಬುದು ಮಕ್ಕಳ ಲೆಕ್ಕಾಚಾರ. ಸಾಮಾಜಿಕ ಜಾಲತಾಣ, ಇಮೇಲ್, ಕ್ಲೌಡ್ ಕಂಪನಿಗಳ ಸರ್ವರ್‌ಗಳು ಅಪ್‌ಲೋಡ್ ಆಗುವ ಚಿತ್ರಗಳನ್ನು ಯಂತ್ರದ ಮೂಲಕ ಪರೀಕ್ಷಿಸುತ್ತವೆ. ಈಗಾಗಲೇ ಗುರುತಿಸಿದ ಚಿತ್ರವಾದರೆ ಅದರ ಅಂಕಿಯ ಗುರುತು, ಅಂದರೆ ಹ್ಯಾಶ್, ತಾಳೆಯಾಗುತ್ತದೆ. ತಾಳೆಯಾದರೆ ಅಮೆರಿಕದ ಕಂಪನಿಗಳು, ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಲ್ಲಿನ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ವರದಿ ಮಾಡಲೇಬೇಕು. 2019ರ ಒಪ್ಪಂದದಂತೆ ಭಾರತಕ್ಕೆ ಸಂಬಂಧಿಸಿದ ವರದಿಗಳು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಬಂದು, ಅಲ್ಲಿಂದ ರಾಜ್ಯಗಳಿಗೆ ಹೋಗುತ್ತವೆ. ಕರ್ನಾಟಕದಲ್ಲಾದರೆ ಸಿಐಡಿ, ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ.

ಆ ವರದಿಯಲ್ಲಿ ಇರುವುದು ಐಪಿ ವಿಳಾಸ, ಸಮಯ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ. ಹದಿನಾರರ ಹುಡುಗನ ಸಿಮ್ ಸಾಮಾನ್ಯವಾಗಿ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿರುತ್ತದೆ. ಹಾಗಾಗಿ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಅವರನ್ನು. ಏನು, ಎತ್ತ ಎಂದು ತಿಳಿಯದ ಅಪ್ಪ ಗಾಬರಿಯಲ್ಲಿ ಫೋನನ್ನು ಫಾರ್ಮ್ಯಾಟ್ ಮಾಡಿದರೆ ಸಾಕ್ಷ್ಯ ನಾಶದ ಆರೋಪವೂ ಸೇರಿಕೊಳ್ಳಬಹುದು. ನೋಟಿಸ್ ಬಂದ ಮೇಲೆ ಏನನ್ನೂ ಅಳಿಸದೆ, ಫೋನ್ ಇದ್ದ ಹಾಗೇ ಇಟ್ಟು, ವಕೀಲರನ್ನು ಕಾಣುವುದೊಂದೇ ಸರಿಯಾದ ದಾರಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಆದಾಯದ ಮಿತಿ ಕೇಳುವುದಿಲ್ಲ.

ಆರೋಪಿ ಮಗುವಾದಾಗ

ಮೇಲೆ ಬರೆದ ವರ್ಷಗಳೆಲ್ಲ ವಯಸ್ಕರ ಲೆಕ್ಕ. ಆರೋಪಿಯೂ ಹದಿನೆಂಟರ ಒಳಗಿದ್ದರೆ ಪ್ರಕರಣ 2015ರ ಬಾಲನ್ಯಾಯ ಕಾಯ್ದೆಗೆ ಹೋಗಬೇಕೆಂದು ಪೋಕ್ಸೊ ಕಲಂ 34 ಹೇಳುತ್ತದೆ. ವ್ಯತ್ಯಾಸ ಬಹಳ ದೊಡ್ಡದು. ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, ಹಿಡಿದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಈ ಕಾಯ್ದೆ ಅಪರಾಧಗಳನ್ನು ಮೂರು ದರ್ಜೆ ಮಾಡಿದೆ. ಗರಿಷ್ಠ ಶಿಕ್ಷೆ ಮೂರು ವರ್ಷದವರೆಗೆ ಇದ್ದರೆ ಸಣ್ಣ ಅಪರಾಧ. ಚಿತ್ರ ದಾಟಿಸಿದ ಕಲಂ 15ರ ಪ್ರಕರಣ ಇದರಲ್ಲಿ ಬರುತ್ತದೆ. 67ಬಿ ಜೊತೆ ಸೇರಿದರೆ ಗಂಭೀರ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿದ್ದರೆ ಮಾತ್ರ ಘೋರ. ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡುವ ಪ್ರಶ್ನೆ ಏಳುವುದು ಅಲ್ಲಿ ಮಾತ್ರ. ಪೋಕ್ಸೊ ಕಲಂ 14ರ ಕನಿಷ್ಠ ಶಿಕ್ಷೆ ಐದು ವರ್ಷವಾದ್ದರಿಂದ, ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ಅರ್ಥದಂತೆ ಅದೊಂದೇ ಘೋರ ದರ್ಜೆಗೆ ಏರದು.

ಘೋರವಲ್ಲದ ಪ್ರಕರಣದಲ್ಲಿ ಎಫ್‌ಐಆರ್ ಹಾಕದೆ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕೆಂದು 2016ರ ಮಾದರಿ ನಿಯಮ ಹೇಳುತ್ತದೆ. ಆದರೆ ವಯಸ್ಕರ ಜೊತೆ ಸೇರಿ ಮಾಡಿದ ಆರೋಪವಿದ್ದರೆ ಈ ರಿಯಾಯಿತಿ ಇಲ್ಲ. ಕ್ಲಾಸ್ ಗ್ರೂಪಿನಲ್ಲಿ ಹದಿನೆಂಟು ದಾಟಿದ ಒಬ್ಬನೂ ಹಂಚಿದವರ ಸಾಲಿನಲ್ಲಿ ಸಿಕ್ಕಿಬಿದ್ದರೆ ಪ್ರಕರಣದ ಬಣ್ಣವೇ ಬದಲಾಗುತ್ತದೆ.

ಮಂಡಳಿ ಕೊಡಬಹುದಾದ ಆದೇಶಗಳು ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆಯಿಂದ ಶುರುವಾಗಿ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದವರೆಗೆ. ಕೆಲಸಕ್ಕೆ, ಓದಿಗೆ ಇದು ಅನರ್ಹತೆಯಾಗದು ಎಂದು ಬಾಲನ್ಯಾಯ ಕಾಯ್ದೆಯ ಕಲಂ 24 ಹೇಳುತ್ತದೆ, ದಾಖಲೆಗಳನ್ನು ನಾಶ ಮಾಡಬೇಕೆಂದೂ ಹೇಳುತ್ತದೆ.

ಈ ಮೃದುತ್ವಕ್ಕೆ ಒಂದು ಗಡಿಯಿದೆ. ಹದಿನೇಳರಲ್ಲಿ ಬಂದ ಚಿತ್ರವನ್ನು ಹತ್ತೊಂಬತ್ತಾದರೂ ಇಟ್ಟುಕೊಂಡವನ ಸ್ಥಿತಿ ಬೇರೆ. ಚಿತ್ರದಲ್ಲಿರುವವಳು ಆಗಿನ ಮಗುವೇ. ಇಟ್ಟುಕೊಂಡಿರುವವನು ಈಗ ವಯಸ್ಕ. ಇಟ್ಟುಕೊಳ್ಳುವುದು ಒಂದು ದಿನಕ್ಕೆ ಮುಗಿದು ಹೋಗುವ ಕೃತ್ಯವಲ್ಲ, ಇಟ್ಟುಕೊಂಡಷ್ಟು ದಿನವೂ ನಡೆಯುವಂಥದ್ದು. ಹದಿನೆಂಟನೇ ಹುಟ್ಟುಹಬ್ಬದ ಬೆಳಿಗ್ಗೆ ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ಉಳಿದ ಫೈಲ್ ಬಾಲನ್ಯಾಯ ಮಂಡಳಿಯ ನೆರಳನ್ನು ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ವಿನಾಯಿತಿ ಬೇಕೇ?

ಕಾನೂನಿನೊಳಗೇ ಒಂದು ಜಗ್ಗಾಟವಿದೆ. ಹದಿನೆಂಟರವರೆಗೆ ಮಗುವಿನಲ್ಲಿ ದುರುದ್ದೇಶವಿಲ್ಲವೆಂದು ಭಾವಿಸಿ ಎನ್ನುತ್ತದೆ ಬಾಲನ್ಯಾಯ ಕಾಯ್ದೆಯ ಕಲಂ 3. ದುರುದ್ದೇಶ ಇತ್ತೆಂದು ಭಾವಿಸಿ ಎನ್ನುತ್ತದೆ ಪೋಕ್ಸೊ ಕಲಂ 30. ಒಂದೇ ಮಗುವಿನ ಮೇಲೆ ಎರಡೂ ಒಟ್ಟಿಗೆ ಕೂರಲಾರವು.

ವಿನಾಯಿತಿ ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಮ್ಮೆ ಹೊರಬಿದ್ದ ಚಿತ್ರ ಹಂಚಿದಷ್ಟೂ ಸಲ ಮಗುವಿಗೆ ಹೊಸ ಗಾಯ ಮಾಡುತ್ತದೆ. ಪ್ರೀತಿಯ ಹೆಸರಿನಲ್ಲಿ ಪುಸಲಾಯಿಸಿ ಚಿತ್ರ ತೆಗೆಸಿಕೊಳ್ಳುವವರು 'ಅವಳಾಗಿಯೇ ಕಳಿಸಿದಳು' ಎಂಬ ವಿನಾಯಿತಿಯ ಹಿಂದೆ ಅಡಗುತ್ತಾರೆ ಎಂಬ ಭಯವೂ ಸಹಜ. ಬೇಕೆನ್ನುವವರು ಕೆನಡಾದತ್ತ ಬೊಟ್ಟು ಮಾಡುತ್ತಾರೆ. ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲೇ, ಕಾನೂನುಬದ್ಧ ಸಂಬಂಧದಲ್ಲಿ ತಾವೇ ಮಾಡಿಕೊಂಡು ತಮ್ಮಲ್ಲೇ ಇಟ್ಟುಕೊಂಡ ಚಿತ್ರಕ್ಕೆ ಕಿರಿದಾದ ವಿನಾಯಿತಿ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 2016ರಿಂದ, ಅಪರಾಧ ನಡೆದಿದೆ ಎಂದು ದಾಖಲಿಸಿದರೂ ಮಗುವಿನ ಮೇಲೆ ಮುಂದಿನ ಕ್ರಮ ಬೇಡವೆಂದು ಪೊಲೀಸರು ತೀರ್ಮಾನಿಸಲು ಪ್ರತ್ಯೇಕ ದಾರಿ ಇದೆ.

ನಮ್ಮಲ್ಲಿ ಚರ್ಚೆ ಹೆಚ್ಚಾಗಿ ದೈಹಿಕ ಸಂಬಂಧದ ವಯಸ್ಸಿನ ಸುತ್ತಲೇ ಸುತ್ತುತ್ತಿದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಈ ವಯಸ್ಸನ್ನು ಮರುಪರಿಶೀಲಿಸಬೇಕೆಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೇ ವರದಿಯಲ್ಲಿ ಹದಿನೆಂಟನ್ನು ಇಳಿಸಬೇಡಿ, ಹದಿನಾರರಿಂದ ಹದಿನೆಂಟರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಕೊಡಿ ಎಂದಿತು. 2025ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಹದಿನಾರಕ್ಕೆ ಇಳಿಸುವ ಪರ ವಾದಿಸಿದರು, ಕೇಂದ್ರ ಸರ್ಕಾರ ವಿರೋಧಿಸಿತು. ಒಂದು ವೇಳೆ ವಯಸ್ಸು ಇಳಿದರೂ, ಚಿತ್ರದ ಕಲಮುಗಳನ್ನು ಬೇರೆಯಾಗಿ ತಿದ್ದದಿದ್ದರೆ ಸಂಬಂಧ ಅಪರಾಧವಲ್ಲ, ಅದರ ಫೋಟೊ ಮಾತ್ರ ಅಪರಾಧ ಎಂಬ ವಿಚಿತ್ರ ಸ್ಥಿತಿ ಬರುತ್ತದೆ.

ತನ್ನ ಚಿತ್ರ ತಾನೇ ತೆಗೆದ ಮಗುವಿಗೆ ಕಾಯ್ದೆಯಲ್ಲೇ ಸ್ಪಷ್ಟ ರಕ್ಷಣೆ ಬರೆಯಬೇಕು, ಹಂಚಿದವರಿಗೆ ಅದು ಸಿಗಬಾರದು. ಹೀಗೆ ಹೇಳಲು ಗಟ್ಟಿ ಕಾರಣವಿದೆ. ಬ್ಲ್ಯಾಕ್‌ಮೇಲ್ ಮಾಡುವವನ ಆಯುಧವೇ 'ಕಂಪ್ಲೇಂಟ್ ಕೊಟ್ಟರೆ ನೀನೂ ಒಳಗೆ ಹೋಗ್ತೀಯ' ಎಂಬ ಮಾತು. ಪಠ್ಯದಲ್ಲಿ ವಿನಾಯಿತಿ ಇಲ್ಲದಿರುವುದು ಆ ಮಾತಿಗೆ ಬಲ ಕೊಡುತ್ತಿದೆ. ಚಿತ್ರ ಬಹಿರಂಗ ಮಾಡುವೆನೆಂದು ಮಗುವನ್ನು ಹೆದರಿಸುವುದು, ಚಿತ್ರ ನಿಜವಿರಲಿ ನಕಲಿ ಇರಲಿ, ಪೋಕ್ಸೊ ಕಲಂ 11ರಡಿ ಲೈಂಗಿಕ ಕಿರುಕುಳ, ಮೂರು ವರ್ಷದವರೆಗೆ ಜೈಲು. ದುಡ್ಡು ಕೇಳಿದರೆ ಸುಲಿಗೆಯೂ ಸೇರುತ್ತದೆ.

ಶಾಲೆಯಲ್ಲಿ, ಮನೆಯಲ್ಲಿ ಆಗುವ ಎಡವಟ್ಟು

ಹೆಚ್ಚು ಅನಾಹುತ ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಕ್ಲಾಸಿನಲ್ಲಿ ಫೋನ್ ಕಿತ್ತುಕೊಂಡ ಟೀಚರ್ ಅದರಲ್ಲಿದ್ದ ಚಿತ್ರವನ್ನು ತಮ್ಮ ಫೋನಿಗೆ ಹಾಕಿಕೊಂಡು ಹೆಡ್ಮಾಸ್ಟರಿಗೆ ಕಳಿಸುತ್ತಾರೆ, ಹೆಡ್ಮಾಸ್ಟರ್ ಆಡಳಿತ ಮಂಡಳಿಗೆ ಕಳಿಸುತ್ತಾರೆ. ಈಗ ಚಿತ್ರ ಆರು ಫೋನಿನಲ್ಲಿದೆ. ಪೊಲೀಸರಿಗೆ ವರದಿ ಮಾಡಲು, ಸಾಕ್ಷ್ಯಕ್ಕೆ ಎಂಬ ವಿನಾಯಿತಿ ಕಲಂ 15ರಲ್ಲಿ ಇದೆ, ಸ್ಟಾಫ್ ಗ್ರೂಪಿನಲ್ಲಿ ಚರ್ಚೆಗೆ ಎಂಬುದು ಇಲ್ಲ. ಫೋನನ್ನು ಆಫ್ ಮಾಡಿ, ಕವರಿಗೆ ಹಾಕಿ, ಯಾರ ಫೋನು, ಎಷ್ಟು ಹೊತ್ತಿಗೆ ಎಂದು ಬರೆದು ಬೀರುವಿನಲ್ಲಿಟ್ಟು, ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. 'ಶಾಲೆಯ ಮರ್ಯಾದೆ' ಎಂದು ಒಳಗೇ ಮುಚ್ಚಿದರೆ ಪೋಕ್ಸೊ ಕಲಂ 21ರಡಿ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ವರದಿ ಮಾಡದ ಮಗುವಿಗೆ ಮಾತ್ರ ಈ ಶಿಕ್ಷೆ ಇಲ್ಲ.

ತನ್ನ ಚಿತ್ರ ಹರಿದಾಡುತ್ತಿದೆ ಎಂದು ತಿಳಿದ ಮಗು ಮೊದಲು ಮಾಡುವುದು ಖಾತೆ ಅಳಿಸುವುದು. ಅದು ಬೇಡ. ಬೆದರಿಕೆಯ ಚಾಟ್, ಕಳಿಸಿದವರ ಬಳಕೆದಾರ ಹೆಸರು, ಪ್ರೊಫೈಲಿನ ಕೊಂಡಿ, ದಿನಾಂಕ, ವೇಳೆ ಇವುಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ಚಿತ್ರದ್ದೇ ಹೊಸ ಸ್ಕ್ರೀನ್‌ಶಾಟ್ ಬೇಡ, ಅದನ್ನು ಯಾರಿಗೂ 'ಪುರಾವೆಗೆ' ಕಳಿಸುವುದೂ ಬೇಡ. ದುಡ್ಡು ಕೊಡಬಾರದು, ಒಮ್ಮೆ ಕೊಟ್ಟವರ ಬಳಿ ಮತ್ತೆ ಕೇಳುತ್ತಾರೆ. ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯವಾಣಿ 1098. ಠಾಣೆಗೆ ಹೋಗಲು ಅಳುಕಿದ್ದರೆ, ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಪೋಕ್ಸೊ ಕಲಂ 24 ಹೇಳುತ್ತದೆ. ಅದನ್ನು ಕೇಳಿ ಪಡೆಯುವ ಹಕ್ಕು ಮನೆಯವರಿಗಿದೆ.

ಚಿತ್ರವನ್ನು ತೆಗೆಸುವುದು

ದೂರು ಒಂದು ಕಡೆ ನಡೆಯಲಿ, ಚಿತ್ರವನ್ನು ಇಳಿಸುವ ಕೆಲಸ ಅದಕ್ಕಾಗಿ ಕಾಯಬಾರದು. ಬೆತ್ತಲೆ ಅಥವಾ ಅರೆಬೆತ್ತಲೆ ಚಿತ್ರದ ಬಗ್ಗೆ ಅದರಲ್ಲಿರುವವರೇ ದೂರಿದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಜಾಲತಾಣಗಳಿಗೆ ಗಡುವು ಹಾಕಿದವು. ಆಮೇಲಿನ ತಿದ್ದುಪಡಿ ಗಡುವನ್ನು ಇನ್ನೂ ಬಿಗಿ ಮಾಡಿದೆ. ದೂರಿನಲ್ಲಿ ಪ್ರತಿ ಪೋಸ್ಟಿನ ಪೂರ್ತಿ ಕೊಂಡಿ ಕೊಡಬೇಕು; ಖಾತೆಯ ಹೆಸರಷ್ಟೇ ಬರೆದರೆ ಕೆಲಸ ನಿಧಾನವಾಗುತ್ತದೆ.

ಹದಿನೆಂಟರೊಳಗಿನ ಚಿತ್ರಗಳಿಗೆ ಎನ್‌ಸಿಎಂಇಸಿ ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಹೆಸರು ಕೊಡಬೇಕಿಲ್ಲ, ಚಿತ್ರ ಅಪ್‌ಲೋಡ್ ಆಗುವುದಿಲ್ಲ. ಫೋನಿನಲ್ಲೇ ಹ್ಯಾಶ್ ತಯಾರಾಗಿ, ಅದು ಮಾತ್ರ ಸೇವೆಗೆ ಸೇರಿದ ಕಂಪನಿಗಳಿಗೆ ಹೋಗುತ್ತದೆ. ಎರಡು ಮಿತಿಗಳು ತಿಳಿದಿರಬೇಕು. ಚಿತ್ರವನ್ನು ಕತ್ತರಿಸಿದ್ದರೆ, ಪರದೆಯಿಂದ ಮರು ಫೋಟೊ ಹೊಡೆದಿದ್ದರೆ ಹ್ಯಾಶ್ ಬದಲಾಗಬಹುದು, ಹಾಗಾಗಿ ಕೈಯಲ್ಲಿರುವ ಪ್ರತಿ ರೂಪಕ್ಕೂ ಬೇರೆ ಬೇರೆ ಮಾಡಿಸಬೇಕು. ಇನ್ನೊಂದು, ವಾಟ್ಸ್‌ಆ್ಯಪಿನಂಥ ಗೂಢಲಿಪಿಯ ಸಂದೇಶಗಳ ಒಳಗೆ ಇದು ಇಣುಕಲಾರದು. ಕ್ಲಾಸ್ ಗ್ರೂಪಿನ ನಲವತ್ತು ಫೋನುಗಳಲ್ಲಿ ಕೂತ ಚಿತ್ರವನ್ನು ಯಾವ ಹ್ಯಾಶೂ ತೆಗೆಯುವುದಿಲ್ಲ. ಅದಕ್ಕೆ ಠಾಣೆಯಲ್ಲಿ ದೂರು ದಾಖಲಾಗಬೇಕು, ಹಂಚಿದವರ ಫೋನುಗಳು ಪೊಲೀಸರ ಕೈ ಸೇರಬೇಕು, ಉಳಿದ ಒಬ್ಬೊಬ್ಬರ ಮನೆಯವರೂ ಮಕ್ಕಳ ಜೊತೆ ಕೂತು ಚಾಟ್, ಗ್ಯಾಲರಿ, ಬ್ಯಾಕಪ್ ಮೂರರಲ್ಲೂ ಅಳಿಸಿದ್ದನ್ನು ನೋಡಿಕೊಳ್ಳಬೇಕು. ಅಳಿಸುವುದು ದೂರು ದಾಖಲಾದ ಮೇಲೆ, ತನಿಖಾಧಿಕಾರಿಗೆ ಯಾವ ಫೋನುಗಳು ಬೇಕೆಂದು ಕೇಳಿದ ಮೇಲೆ.